ಕಂತಬ್‌ನ ಫೋಟೋ

ಮೊನ್ನೆ ಮೊಮ್ಮಗಳಿಗೆಂದು ಈಜುವ ಕನ್ನಡಕ ತಂದೆ. ಪೊಟ್ಟಣ ಬಿಚ್ಚಿದಾಗ ಹೊಸ ರಬ್ಬರಿನ ವಾಸನೆ ಬಂತು, ಅದರ ಬೆನ್ನಿಗೇ ಕಂತಬ್ ನೆನಪಾಯಿತು. ಮಸ್ಕತ್‌ನಿಂದ ಬೋಳು ಗುಡ್ಡ ದಾಟಿದರೆ ಸಿಗುವ ಮೀನುಗಾರರ ಊರು ಅದು. ಆಗ ಅಲ್ಲಿಗೆ ಹೊರಗಿನಿಂದ ಬರುತ್ತಿದ್ದವರೆಂದರೆ ಸಮುದ್ರದಡಿ ಈಜುವ ಡೈವಿಂಗಿನ ಹುಚ್ಚಿದ್ದವರು ಮಾತ್ರ. ನಾವು ಹೋದದ್ದು ಎಂಬತ್ತೊಂಬತ್ತರಲ್ಲೋ ತೊಂಬತ್ತರಲ್ಲೋ, ನೀವು ಒತ್ತಿ ಕೇಳಿದರೆ ಹೇಳಲಾರೆ. ಡೈರಿಯಲ್ಲಿ ಇರುವುದು ಇಷ್ಟೇ: "ಶುಕ್ರವಾರ. ಕಂತಬ್. ರೀಟಾ ಮಲಗಿಯೇ ಇದ್ದಳು."

ರೀಟಾ ನನ್ನ ಹೆಂಡತಿ, ಆಸ್ಪತ್ರೆಯಲ್ಲಿ ನರ್ಸ್. ನಾನು ರುಸೈಲ್‌ನ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಇಬ್ಬರ ಡ್ಯೂಟಿಯ ನಡುವೆ ನೋಡಿಕೊಳ್ಳುವವರಿಲ್ಲದೆ ಐದು ವರ್ಷದ ಮಗಳು ಶೈಲಾಳನ್ನು ಉಡುಪಿಯಲ್ಲಿ ಅಜ್ಜಿಯ ಬಳಿ ಬಿಟ್ಟಿದ್ದೆವು. ಎರಡು ವರ್ಷಕ್ಕೊಮ್ಮೆ ರಜೆ. ನಡುವೆ ಊರಿಗೆ ಫೋಟೋ ಕಳಿಸುವುದು ಗಲ್ಫಿನವರ ಪದ್ಧತಿ: ಯಾರದೋ ಕಾರಿಗೆ ಒರಗಿ, ಯಾವುದೋ ಹೋಟೆಲಿನ ಕಾರಂಜಿಯ ಮುಂದೆ ನಿಂತು. ದಣಿದ ಮುಖವನ್ನು ಯಾರೂ ಕಳಿಸುತ್ತಿರಲಿಲ್ಲ.

ಅಲ್ಲಿ ವಾರದ ರಜೆ ಶುಕ್ರವಾರ, ಚರ್ಚಿನ ಪೂಜೆಯೂ ಅಂದೇ; ಆ ದಿನ ಚರ್ಚಿನಿಂದ ನೇರ ಟ್ಯಾಕ್ಸಿ ಹತ್ತಿದ್ದೆವು. ರೀಟಾ ಬಂಡೆಯ ನೆರಳಿನಲ್ಲಿ ನಿದ್ದೆಹೋದಳು. ನೀರಿನಿಂದ ಎದ್ದುಬಂದ ಬಿಳಿಯರನ್ನು ಕೇಳಿಕೊಂಡು ಅವರ ಮಾಸ್ಕು ಹಾಕಿ, ಉಸಿರಾಟದ ಗಾಳಿಯ ಸಿಲಿಂಡರನ್ನು ಬೆನ್ನಿಗೇರಿಸಿದೆ. ಅವರ ದೋಣಿಯ ಒಮಾನಿ ಮುದುಕ ನಕ್ಕ.

"ಅರೇ ಭಾಯ್, ಪಾನೀ ಮೇ ಜಾಯೇಗಾ, ಯಾ ಸಿರ್ಫ್ ಫೋಟೋ?"

"ಸಿರ್ಫ್ ಫೋಟೋ," ಎಂದೆ. ನೀರಿಗಿಳಿಯುವವನಲ್ಲ, ಬರೀ ಫೋಟೋಕ್ಕೆ ನಿಂತವನು ನಾನು.

ಫೋಟೋ ತೆಗೆಯುವಷ್ಟು ಹೊತ್ತು ಮಾತ್ರ ಎಚ್ಚರವಿದ್ದ ರೀಟಾ ಕ್ಯಾಮೆರಾ ಹಿಡಿದು, "ಪ್ಯಾಂಟು ಒದ್ದೆ ಮಾಡ್ಬೇಡಿ ಮಾರಾಯ್ರೆ, ನಾಳೆ ಆಫೀಸಿಗೂ ಅದೇ," ಎಂದಳು.

ಫೋಟೋ ಉಡುಪಿ ತಲುಪಿತು. ಮುಂದಿನ ಸಲ ಫೋನ್ ಮಾಡಿದಾಗ ಶೈಲಾ ಕೇಳಿದಳು: "ಪಪ್ಪಾ, ನೀವು ಕೆಲಸ ಮಾಡುದು ನೀರಿನ ಅಡಿಯಲ್ಲಾ? ಅದಕ್ಕೇ ಬರ್ಲಿಕ್ಕೆ ಆಗುದಿಲ್ವಾ?"

ರಜೆ ಆಗಷ್ಟೇ ಮತ್ತೊಮ್ಮೆ ಮುಂದಕ್ಕೆ ಹೋಗಿತ್ತು. ಅದನ್ನು ಮಗುವಿಗೆ ವಿವರಿಸುವಷ್ಟು ತ್ರಾಣ ನನ್ನಲ್ಲಿರಲಿಲ್ಲ. "ಹೌದು ಮಗಾ," ಎಂದೆ. ಪಕ್ಕದಲ್ಲಿದ್ದ ರೀಟಾ ನನ್ನನ್ನು ದಿಟ್ಟಿಸಿದ್ದು ನೆನಪಿದೆ. ಅಥವಾ ದಿಟ್ಟಿಸಬೇಕಿತ್ತು ಎಂದು ಆಮೇಲೆ ನಾನೇ ಸೇರಿಸಿಕೊಂಡೆನೋ ಏನೋ. ಅಲ್ಲಿಂದ ಮೂರು ವರ್ಷ, ಪ್ರತಿ ಫೋನಿಗೂ ಒಂದೊಂದು ಮೀನು ಹುಟ್ಟಿಸಿದೆ: ಹಲ್ಲಿಲ್ಲದ ಮೀನು, ಗೊರಕೆ ಹೊಡೆಯುವ ಮೀನು. ರಜೆಯಲ್ಲಿ ಹೋದಾಗಲೂ ನಿಜ ಹೇಳಲಿಲ್ಲ. ಮಗಳು ನನ್ನನ್ನು ನಂಬುತ್ತಾಳೆ ಎನ್ನುವುದೊಂದೇ ಆಗ ನನಗೆ ಉಳಿದಿದ್ದ ತಂದೆತನ. ಅದನ್ನೂ ಕಳೆದುಕೊಳ್ಳಲು ಹೆದರಿದೆ.

ನಿನ್ನೆ ಸಂಜೆ, ಇಷ್ಟು ವರ್ಷಗಳ ಮೇಲೆ, ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ಶೈಲಾಳ ಹತ್ತಿರ ಆ ಸುಳ್ಳನ್ನು ಒಪ್ಪಿಕೊಂಡೆ.

"ನಂಗೆ ಆಗ್ಲೇ ಗೊತ್ತಿತ್ತು ಪಪ್ಪಾ. ಫೋಟೋದಲ್ಲಿ ನಿಮ್ಮ ಅಂಗಿಯ ಕಿಸೆಯಲ್ಲಿ ಪೆನ್ನು ಉಂಟು. ಪೆನ್ನು ಸಿಕ್ಕಿಸ್ಕೊಂಡು ಯಾರಾದ್ರೂ ನೀರಿನಡಿಗೆ ಹೋಗ್ತಾರಾ?"

"ಮತ್ತೆ ಪ್ರತಿ ಸಲ ಮೀನು, ಮೀನು ಅಂತ ಕೇಳ್ತಿದ್ದೆಯಲ್ಲ?"

"ಮೀನು ಮುಗಿದ್ರೆ ನೀವು ಫೋನ್ ಇಡ್ತಿದ್ರಿ."

ಸ್ಟೂಲು ಎಳೆದು ಅಲ್ಲೇ ಕೂತೆ. ಫೋನಿನಲ್ಲಿ ಎಂದೂ ಕೇಳದೆ ಇದ್ದದ್ದನ್ನು, "ಆಗ ಶಾಲೆಯಲ್ಲಿ ನಿನ್ನ ಪಕ್ಕ ಯಾರು ಕೂತ್ಕೊಳ್ತಿದ್ರು?" ಎಂದು ಕೇಳಿದೆ.