ಎತ್ತಿ ಕೊಡುವವರಿಲ್ಲದ ಧನುರ್ಮಾಸ

ಭಜನೆಯಲ್ಲಿ ನಾನು ಹುಟ್ಟಾ ಹಿಂದೆ ಹೇಳುವವಳು. ಅಕ್ಕ ಒಂದು ಸಾಲು ಎತ್ತಿ ಕೊಡಬೇಕು, ನಾನು ಅದನ್ನೇ ಹಿಡಿದು ಹೇಳಬೇಕು. ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಹಾಡು ನಡೆದದ್ದೇ ಹೀಗೆ. ಗಂಡ ಸತ್ತ ಮೇಲೆ ಅಕ್ಕ ಬೆಟಗೇರಿಯ ತವರಿಗೆ ಬಂದಳು. ನಾನು ಮದುವೆಯ ಗೊಡವೆಗೇ ಹೋಗದೆ, ಅದೇ ಮನೆಯಿಂದ ಓಡಾಡುತ್ತ ಶಿರಹಟ್ಟಿಯ ಶಾಲೆಯಲ್ಲಿ ಕಲಿಸಿ ನಿವೃತ್ತಳಾದೆ. ಅಪ್ಪ ಗುಡಿಯ ಪೂಜೆ ಮಾಡುತ್ತಿದ್ದವರು. ಅವರು ಹೋದ ಮೇಲೂ ಧನುರ್ಮಾಸದಲ್ಲಿ ಬೆಳಕು ಹರಿಯುವ ಮುಂಚೆ ದೇವರಿಗೆ ಹುಗ್ಗಿ ನೈವೇದ್ಯ ಮಾಡಿ ನಾವಿಬ್ಬರೂ ಹಾಡುವುದು ತಪ್ಪಿರಲಿಲ್ಲ.

ಈ ಸಲ ದೀಪಾವಳಿಗೆ ಅಕ್ಕ ಬಾಗಿಲ ಮುಂದೆ ಆಕಾಶಬುಟ್ಟಿ ಕಟ್ಟಿದಳು. ಐದು ಮೂಲೆಯ ಚುಕ್ಕಿಯ ಆಕಾರದ್ದು, ಕೆಂಪು ಕಾಗದದ್ದು. ವಾರ ಕಳೆಯುವುದರೊಳಗೆ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಕಾರ್ತೀಕ ಮುಗಿದರೆ ಬುಟ್ಟಿ ಇಳಿಸಬೇಕು. ನಾನು ಇಳಿಸಲಿಲ್ಲ. ಅವಳು ಹಾಕಿದ ಗಂಟು ಬಿಚ್ಚಲು ಕೈ ಬರಲಿಲ್ಲ, ಅಷ್ಟೇ. ದಿನಾ ಸಂಜೆ ಅದರ ದೀಪವನ್ನೂ ಹಾಕುತ್ತಿದ್ದೆ.

"ಕಾರ್ತೀಕ ಮುಗದು ಎಷ್ಟ ದಿನಾ ಆತು, ಇನ್ನೂ ಬುಟ್ಟಿ ಇಳಿಸಿಲ್ಲೇನ್ರಿ ಟೀಚರ್?" ಎಂದು ಎದುರು ಮನೆಯಾಕೆ ಎರಡು ಸಲ ಕೇಳಿದಳು. ಕರೆಂಟಿನ ಬಿಲ್ಲು ಇವಳೇ ಕಟ್ಟುವಂತೆ! ಮಾರಿ ತಿರುವಿಕೊಂಡು ಒಳಗೆ ಹೋದೆ.

ಧನುರ್ಮಾಸ ಬಂತು. ಚಳಿಯಲ್ಲಿ ಎದ್ದು, ಹುಗ್ಗಿ ಬೇಯಿಸಿ, ದೇವರ ಮುಂದೆ ಕುಳಿತು ಬಾಯಿ ತೆರೆದೆ. ಏನೂ ಬರಲಿಲ್ಲ. ಹಾಡು ಮರೆತಿದ್ದೆನೆಂದಲ್ಲ, ಎಲ್ಲಾ ಬಾಯಿಪಾಠ. ಆದರೆ ಮೊದಲ ಸಾಲು ಯಾವತ್ತೂ ನನ್ನದಾಗಿರಲಿಲ್ಲ. ಸುಮ್ಮನೆ ಕಾಯುತ್ತ ಕುಳಿತೆ, ಹುಗ್ಗಿ ಆರಿ ಹೋಯಿತು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ನನಗೆ ಖರೇನೇ ಹೆದರಿಕೆಯಾಯಿತು. ಹೀಗೇ ಬಿಟ್ಟರೆ ಹಾಡೂ ಅವಳ ಹಿಂದೆಯೇ ಹೋಗಿಬಿಡುತ್ತದೆ. ಆಮೇಲೆ ಈ ಮನೆಯಲ್ಲಿ ನನ್ನ ಜೊತೆಗೆ ಉಳಿಯುವುದು ಏನು?

ಕ್ರಿಸ್‌ಮಸ್ ಹತ್ತಿರ ಬಂದಿತ್ತು. ಒಂದು ಸಂಜೆ ಹಾರ್ಮೋನಿಯಂ, ತಬಲಾ, ತಾಳ ಹಿಡಿದುಕೊಂಡು ಏಳೆಂಟು ಮಂದಿ ಬಾಗಿಲಿಗೆ ಬಂದರು. ಚರ್ಚಿನ ಹಾಡಿನವರು. ಈ ದಿನಗಳಲ್ಲಿ ತಮ್ಮವರ ಮನೆಮನೆಗೆ ಹೋಗಿ ಹಾಡಿ, ಕಥೆ ಹೇಳಿ ಬರುವುದು ಅವರ ರೂಢಿ. ಬಾಗಿಲಲ್ಲಿ ಚುಕ್ಕಿ ಉರಿಯುತ್ತಿದ್ದರೆ ತಮ್ಮವರ ಮನೆ ಎಂದೇ ತಿಳಿಯುತ್ತಾರೆ. ನಾನು ಏನು ಎತ್ತ ಎನ್ನುವುದರೊಳಗೆ ಚಪ್ಪಲಿ ಬಿಟ್ಟು, ಪಡಸಾಲೆಯ ಚಾಪೆಯ ಮೇಲೆ ಕೂತೇಬಿಟ್ಟರು. ಮುಂದಾಳು ಒಬ್ಬ ಮುದುಕಿ, ಮೊದಲು ನರ್ಸ್ ಆಗಿದ್ದವರಂತೆ. ನಮ್ಮ ದೇವರ ಗೂಡು ಕಂಡಿದ್ದೇ ಅವರ ಮುಖ ಸಣ್ಣದಾಯಿತು.

"ಅಯ್ಯ ಶಿವನ! ತಪ್ಪಾತ್ರಿ ಅಕ್ಕಾರ. ಚುಕ್ಕಿ ನೋಡಿ ನಮ್ಮವರ ಮನಿ ಅಂತ ಬಂದ್ಬಿಟ್ವಿ. ಏಳ್ರಿ, ಏಳ್ರಿ ಎಲ್ಲಾರೂ."

ಚರ್ಚಿನ ಮುದುಕಿಯ ಬಾಯಲ್ಲಿ ಶಿವ ಬಂದದ್ದಕ್ಕೆ, ಎಷ್ಟೋ ದಿನದ ಮೇಲೆ ನನಗೆ ನಗು ಬಂತು. "ಕುಂತವರು ಹಂಗ ಎದ್ದು ಹೋಗಬಾರ್ದು. ಹಾಡ್ರಿ, ನಾ ಚಾ ಇಡ್ತೀನಿ" ಎಂದೆ.

ಮುದುಕಿ ಮೊದಲು ಕಥೆ ಹೇಳಿದರು. ದಿನ ತುಂಬಿದ ಬಸುರಿ, ಪರ ಊರು, ಇಳಿದುಕೊಳ್ಳಲು ಎಲ್ಲೂ ಜಾಗವಿಲ್ಲ. "ಒಂದು ಖೋಲಿ ಸುದ್ದಾ ಕೊಡಲಿಲ್ರಿ. ಕೂಸಿನ್ನ ದನದ ಗೋದಲಿಯೊಳಗ ಮಲಗಿಸಿದ್ಳು."

"ಅವರ ಮನಿ ಹಾಳಾಗ್ಲಿ! ಬಸುರಿ ಹೆಣ್ಮಗಳಿಗೆ ಜಾಗಾ ಇಲ್ಲಂದ್ರಂತ?" ಎಂದು ನಾನು ಅಡುಗೆಮನೆಯಿಂದಲೇ ಸಿಟ್ಟಾದೆ. ಎಲ್ಲರೂ ನಕ್ಕರು.

ಆ ಕೂಸಿನ ಸುದ್ದಿ ಮೊದಲು ಮುಟ್ಟಿದ್ದು ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ. "ನಮ್ಮ ಕುರ್ತಕೋಟಿ ಎರಿ ಹೊಲದಾಗ ಕುರಿ ತರುಬಿರತಾರಲ್ರಿ, ಹಂಗ. ರಾತ್ರಿ ಆಕಾಶದಾಗ ಒಮ್ಮೆಲೆ ಬೆಳಕ ನೋಡಿ ನಡುಗಿದ್ರು ಪಾಪ. ಅಂಜಬ್ಯಾಡ್ರಿ ಅಂತ ಮ್ಯಾಲಿಂದ ದನಿ ಬಂತು" ಎಂದರು ಮುದುಕಿ. ಚಹಾ ಸೋಸುತ್ತಿದ್ದ ನನ್ನ ಕೈ ನಿಂತಿತು. ಅಕ್ಕ ಹೋದಾಗಿನಿಂದ ಸಮಾಧಾನ ಮಾಡಿಕೊಳ್ಳಿ ಎಂದವರು ಬೇಕಾದಷ್ಟು ಮಂದಿ. ಅಂಜಬೇಡ ಎಂದು ಒಬ್ಬರೂ ಅಂದಿರಲಿಲ್ಲ. ದೇವರು ಯಾರದಾದರೇನು, ಆ ಮಾತು ನನಗೇ ಹೇಳಿದಂತಾಯಿತು.

ಆಮೇಲೆ ಹಾಡು. ಮುದುಕಿ ಎತ್ತಿದರು, ಉಳಿದವರು ಹಿಡಿದರು, ನಮ್ಮ ಭಜನೆಯಂತೆಯೇ. ಎರಡನೆಯ ಸಾಲಿಗೆ ನನ್ನ ದನಿಯೂ ಅವರ ಜೊತೆ ಹೋಗಿತ್ತು.

"ಎಂಥಾ ಚಂದ ದನಿ ಐತ್ರಿ ನಿಮ್ಮದು! ನಿಮ್ಮ ದೇವರದೊಂದು ನೀವ ಎತ್ತಿ ಕೊಡ್ರಿ, ನಾವು ಹಿಡಿತೇವಿ" ಎಂದರು ಮುದುಕಿ.

"ನಂಗ ಎತ್ತಾಕ ಬರಂಗಿಲ್ರಿ. ಅದೆಲ್ಲಾ ನಮ್ಮಕ್ಕನ ಕೆಲಸ."

"ಅಕ್ಕ ಎಲ್ಲಿ ಅದಾರ?"

"ಹೋದ್ಲು" ಎಂದೆ.

ಹಾರ್ಮೋನಿಯಂನವರು ಮೆಲ್ಲಗೆ ಸುರ ಹಿಡಿದು ಕಾದರು. ಬಿಡುವಂತಿರಲಿಲ್ಲ. ಎತ್ತಿದೆ; ಅರ್ಧ ಸಾಲಿಗೇ ಗಂಟಲು ಒಡೆಯಿತು.

"ಭಾಳ ಮ್ಯಾಲ ಹಿಡದ್ರಿ. ಅದು ನಿಮ್ಮ ಸುರ ಅಲ್ಲ. ಕೆಳಗ ಬರ್ರಿ" ಎಂದರು ಮುದುಕಿ.

ಹೌದು, ಅದು ಅಕ್ಕನ ಸುರ. ಇಷ್ಟು ವರ್ಷ ಅವಳ ದನಿಗೆ ಆತುಕೊಂಡು ಅಷ್ಟು ಮೇಲಕ್ಕೆ ಹೋಗುತ್ತಿದ್ದೆ, ಒಬ್ಬಳೇ ಹೋಗಲಾರೆ. ಕೆಳಗೆ ಬಂದೆ. ಒರಟಾಗಿಯೇ ಇತ್ತು, ಆದರೂ ಸಾಲು ಪೂರ್ತಿಯಾಯಿತು. ಅವರು ಅಡ್ಡಾದಿಡ್ಡಿ ಹಿಡಿದು ಹೇಳಿದರು.

ಮರುದಿನ ಬೆಳಗ್ಗೆ ದೇವರ ಮುಂದೆ ಕುಳಿತು ಕೆಳಗಿನ ಸುರದಲ್ಲೇ ಎತ್ತಿದೆ. ಮೊದಲ ಸಾಲು ಬಂತು. ಮುಗಿಸಿ, ಅಕ್ಕ ನಿಲ್ಲಿಸುತ್ತಿದ್ದಂತೆ ಅಲ್ಲಿಗೇ ನಿಲ್ಲಿಸಿದೆ. ಹಿಂದೆ ಹೇಳುವವರು ಯಾರೂ ಇರಲಿಲ್ಲ. ಅಳು ಒತ್ತರಿಸಿ ಬಂತು, "ಅಕ್ಕಾ" ಎಂದು ಜೋರಾಗಿಯೇ ಅತ್ತೆ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಅದೇ ಸಾಲನ್ನು ಇನ್ನೊಮ್ಮೆ ಹೇಳಿದೆ, ಈ ಸಲ ನನ್ನ ಪಾಲಿನದು.