ಗಿರಿಜಕ್ಕನ ಮೊದಲ ಪಂಕ್ತಿ

ಗಿರಿಜಕ್ಕ ಸಾರಿಗೆ ನಾಲಿಗೆ ತಾಗಿಸಿದವರಲ್ಲ. ಪಾತ್ರೆಯ ಮುಚ್ಚಳ ತೆಗೆದು, ಏಳುವ ಹಬೆಯನ್ನು ಅಂಗೈಯಿಂದ ಮುಖದ ಕಡೆಗೆ ಎಳೆದುಕೊಂಡು, ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಿದ್ದರು. "ಉಪ್ಪು ಕೇಳ್ತಾ ಇದೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಚಿಟಿಕೆ ಉಪ್ಪು ಉದುರಿಸುತ್ತಿದ್ದರು. ಆಮೇಲೆ ಆ ಸಾರಿನಲ್ಲಿ ಹೆಚ್ಚು ಕಡಿಮೆ ಅನ್ನುವ ಮಾತೇ ಇರಲಿಲ್ಲ. ಉಪ್ಪಿಗೆಲ್ಲಿ ವಾಸನೆ ಎಂದು ನಾನೊಮ್ಮೆ ಕೇಳಿದ್ದೆ. "ಉಪ್ಪಿಗಿಲ್ಲ ಕಣೆ, ಉಪ್ಪು ಬಿದ್ದ ಸಾರಿಗಿದೆ" ಎಂದಿದ್ದರು.

ಅದು ಅವರ ಅತ್ತೆ ಕಲಿಸಿದ ಕ್ರಮ. ಅಡುಗೆ ಮಾಡಿದವರು ಬಡಿಸುವ ಮೊದಲೇ ರುಚಿ ನೋಡಿದರೆ ಎಂಜಲಾಯಿತು. ಗೋಡೆಗೂಡಿನ ದೇವರ ಮುಂದೆ ಒಂದು ತುತ್ತು ಇಟ್ಟು, ಬಂದವರಿಗೆಲ್ಲ ಬಡಿಸಿ, ಉಳಿದರೆ ತಾನು ಉಣ್ಣಬೇಕು. ಗಂಡ ತೀರಿಕೊಂಡ ಮೇಲೆ ಭದ್ರಾವತಿಯಲ್ಲಿ, ಉಕ್ಕಿನ ಕಾರ್ಖಾನೆಯ ಹಳೆ ಕ್ವಾರ್ಟರ್ಸಿಗೆ ಹೋಗುವ ರಸ್ತೆಯಲ್ಲಿ ಸಣ್ಣ ಹೋಟೆಲು ಹಾಕಿದಾಗ ಆ ಕ್ರಮವನ್ನೂ ಜೊತೆಗೆ ತಂದರು. ಬೋರ್ಡು ಇರಲಿಲ್ಲ. ಅನ್ನ, ಒಂದು ಸಾರು, ಒಂದು ಪಲ್ಯ, ಅಕ್ಕಿರೊಟ್ಟಿ, ಚಟ್ನಿ. ಅವರ ಹುರುಳಿ ಸಾರು ಇದ್ದ ದಿನ ನಿಲ್ಲಲೂ ಜಾಗ ಸಿಗುತ್ತಿರಲಿಲ್ಲ. ಮಕ್ಕಳಿಲ್ಲದ ಅವರಿಗೆ ಆ ಹೋಟೆಲು ಹೊಟ್ಟೆಪಾಡಷ್ಟೇ ಆಗಿರಲಿಲ್ಲ. ಹಬ್ಬಕ್ಕೆ ತವರಿಗೆ ಹೋದರೂ ಸಂಜೆಯೊಳಗೆ ಬಸ್ಸು ಹತ್ತಿ ಓಡಿಬರುತ್ತಿದ್ದರು.

ನಾನು ಶಿವಮೊಗ್ಗದ ಕೋಟೆ ಬೀದಿಯವಳು. ಅಲ್ಲಿಂದ ದಿನಾ ಬಸ್ಸಿನಲ್ಲಿ ಭದ್ರಾವತಿಯ ಒಬ್ಬ ವಕೀಲರ ಆಫೀಸಿಗೆ ಟೈಪಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ವಕೀಲರು ಕೋರ್ಟಿನಿಂದ ಬಂದು, ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮೇಲೆಯೇ ನನಗೆ ಊಟದ ಬಿಡುವು. ನಾನು ಹೋಟೆಲು ತಲುಪುವಾಗ ಜನವೆಲ್ಲ ಉಂಡೆದ್ದು, ಪಾತ್ರೆಯಲ್ಲಿ ತಳದ ಸಾರು ಉಳಿದಿರುತ್ತಿತ್ತು. "ಬಂತು ನೋಡು ಕಡೇ ಪಂಕ್ತಿ" ಎಂದು ಗಿರಿಜಕ್ಕ ತಟ್ಟೆ ಇಡುತ್ತಿದ್ದರು. ಕೊನೆಗೆ ನನಗೆ ಅದೇ ಹೆಸರಾಯಿತು.

ಮೊದಲ ಪಂಕ್ತಿ ತಂಗವೇಲಣ್ಣನದು. ಕಾರ್ಖಾನೆಯಲ್ಲಿ ಜೀವಮಾನ ಸವೆಸಿ ನಿವೃತ್ತರಾದ, ಮೀಸೆ ಪೂರಾ ಬೆಳ್ಳಗಾಗಿದ್ದ ಒಂಟಿ ಜೀವ. ಹಳೇ ಶಿಫ್ಟಿನ ಅಭ್ಯಾಸ ಬಿಡದೆ, ಊರಿಗೆಲ್ಲ ಹಸಿವಾಗುವ ಮೊದಲೇ ಬಂದು ಬಾಗಿಲ ಪಕ್ಕದ ಮೇಜಿಗೆ ಕೂರುತ್ತಿದ್ದರು. ಎರಡನೇ ತುತ್ತಿಗೆ ಬೈಗುಳ ಶುರು. ಸಾರು ನೀರು, ಅನ್ನ ಮುದ್ದೆ, ಪಲ್ಯ ಹಸಿ, ರೊಟ್ಟಿ ಚಪ್ಪಲಿ. ರಜೆಯ ದಿನ ನಾನೊಮ್ಮೆ ಬೇಗ ಹೋಗಿ ಕಣ್ಣಾರೆ ನೋಡಿದ್ದೇನೆ.

"ಏನಮ್ಮಾ ಗಿರಿಜಾ, ಇದು ಸಾರಾ, ಭದ್ರಾ ಹೊಳೆ ನೀರಾ?"

"ಹೊಳೆ ನೀರಾದ್ರೆ ಎರಡ್ ಸಲ ಯಾಕ್ ಹಾಕಿಸ್ಕೋತೀರಣ್ಣಾ?"

ಈ ಜಗಳ ಇಲ್ಲದಿದ್ದರೆ ಇಬ್ಬರಿಗೂ ದಿನ ಹೋಗುತ್ತಿರಲಿಲ್ಲ. ಅಣ್ಣ ಬೈದಷ್ಟೂ ಅಕ್ಕ ನಗುತ್ತಿದ್ದರು. ಆ ಸಾರಿನಲ್ಲಿ ಬೈಯುವಂಥದ್ದು ಏನೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಊರವರೆಲ್ಲ ಮೂಗು ಬಾಯಿ ಮುಚ್ಚಿಕೊಂಡು ತಿರುಗುತ್ತಿದ್ದ ಕಾಲದಲ್ಲಿ ಗಿರಿಜಕ್ಕನಿಗೂ ಆ ಜ್ವರ ಬಂತು. ಬದುಕಿಕೊಂಡರು. ವಾಸನೆ ಹೋಯಿತು. ನಮ್ಮ ಮನೆಯಲ್ಲೂ ಹೋಗಿತ್ತು, ಸ್ವಲ್ಪ ದಿನಕ್ಕೆ ವಾಪಸ್ ಬಂತು. ಅವರಿಗೆ ಬರಲಿಲ್ಲ. ಶಿವಮೊಗ್ಗದ ಡಾಕ್ಟರು, ಬಂದರೂ ಬರಬಹುದು ಎಂದರಂತೆ. ಹೋಟೆಲಿನ ಬಾಗಿಲು ಮತ್ತೆ ತೆರೆದಾಗ ಗಿರಿಜಕ್ಕ ಹಬೆಗೆ ಮುಖ ಒಡ್ಡಿ ಬಹಳ ಹೊತ್ತು ನಿಂತಿರುತ್ತಿದ್ದರು. ನನಗೆ ಅದರ ಅರ್ಥ ಆಗಿರಲಿಲ್ಲ. ಅತ್ತೆಯ ಕ್ರಮ ಮುರಿದು, ಗೂಡಿನ ಕಡೆಗೆ ಬೆನ್ನು ಹಾಕಿ, ಸಾರಿನ ಹನಿಯೊಂದನ್ನು ಅಂಗೈಗೆ ಹಾಕಿಕೊಂಡು ನೆಕ್ಕಿಯೂ ನೋಡಿದರಂತೆ. ನಾಲಿಗೆಯೂ ಸತ್ತಿತ್ತು. "ಬಿಸಿ ಅಂತ ಗೊತ್ತಾಯ್ತು. ಇನ್ನೇನೂ ಗೊತ್ತಾಗ್ಲಿಲ್ಲ ಮಾರಾಯ್ತಿ" ಎಂದು ಆಮೇಲೊಂದು ದಿನ ಹೇಳಿದರು.

ಅಷ್ಟರೊಳಗೆ ಸಾರು ದಾರಿ ತಪ್ಪಿತ್ತು. ಒಂದು ದಿನ ಹುಳಿ ಮುಂದೆ, ಇನ್ನೊಂದು ದಿನ ಚಪ್ಪೆ. ಲೋಟ ಚಮಚದಲ್ಲಿ ಅಳೆದು ಹಾಕಿದರು. ಆದರೆ ತೆಂಗಿನಕಾಯಿ ಹಳಸಿದ್ದು, ಒಗ್ಗರಣೆ ಸೀದದ್ದು ಯಾವ ಚಮಚಕ್ಕೆ ಗೊತ್ತಾಗುತ್ತದೆ? ಗಿರಾಕಿಗಳನ್ನು ಕೇಳಿದರು. ಇಲ್ಲೇ ನನಗೆ ನಮ್ಮ ಜನರ ಮೇಲೆ ಇವತ್ತಿಗೂ ಸಿಟ್ಟು. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಕಲಿತವರು ನಾವು. ಕಾಸು ಕೊಟ್ಟು ಉಂಡ ಹೋಟೆಲಿಗೂ ಅದೇ ಮರ್ಯಾದೆ. ಅನ್ನದ ಮುಂದೆ ಕೂತು ಕೊಂಕು ಆಡಬಾರದು, ಅದರಲ್ಲೂ ಗಂಡನಿಲ್ಲದ ಹೆಂಗಸು ಬೆವರು ಒರೆಸಿಕೊಳ್ಳುತ್ತ ಬಡಿಸಿದ್ದಕ್ಕೆ. ಎಲ್ಲರೂ "ಚೆನ್ನಾಗಿದೆ ಅಕ್ಕ" ಅಂದರು, ಕೈ ತೊಳೆದರು, ಮರುದಿನದಿಂದ ಬೇರೆ ಹೋಟೆಲಿಗೆ ಹೋದರು. ಗಿರಿಜಕ್ಕ ಜನರ ಬಾಯನ್ನು ನಂಬುವುದು ಬಿಟ್ಟು, ತೊಳೆಯಲು ಬಂದ ತಟ್ಟೆಗಳನ್ನು ನೋಡತೊಡಗಿದರು. ಯಾವುದರಲ್ಲಿ ಎಷ್ಟು ಉಳಿದಿದೆ, ಸಾರು ಉಳಿದಿದೆಯೋ ಪಲ್ಯವೋ ಎಂದು ತಟ್ಟೆ ಓರೆ ಮಾಡಿ ನೋಡುತ್ತ ನಿಲ್ಲುತ್ತಿದ್ದರು.

ಯಾರೋ ಗಿರಾಕಿ ಆ ಹೋಟೆಲನ್ನು ಮೊಬೈಲಿನ ಮ್ಯಾಪಿಗೆ ಸೇರಿಸಿದ್ದ. ಜನ ಅಲ್ಲಿ ಏನು ಬರೆದಿದ್ದಾರೆ ಓದು ಎಂದು ಒಂದು ಮಧ್ಯಾಹ್ನ ನನ್ನನ್ನು ಕೂರಿಸಿಕೊಂಡರು. ವಾಸನೆ ಹೋದ ಸಂಗತಿಯನ್ನು ಹೇಳಿದ್ದೂ ಅವತ್ತೇ. ಓದಿದೆ. ಒಳ್ಳೆ ಊಟ, ಐದು ಸ್ಟಾರು. ಮನೆ ಊಟದ ಹಾಗಿದೆ, ಐದು ಸ್ಟಾರು. ಅಕ್ಕ ತುಂಬಾ ಒಳ್ಳೆಯವರು, ಐದು ಸ್ಟಾರು. ಕೆಳಗೊಬ್ಬ ಹೆಸರಿಲ್ಲದವನು ಒಂದೇ ಸ್ಟಾರು ಕೊಟ್ಟಿದ್ದ: ಚಟ್ನಿ ಕಾಯಿ ಮುಗ್ಗಲು, ಸಾರು ಸೀದಿದೆ, ಕೇಳುವವರಿಲ್ಲ. ಓದಲೋ ಬೇಡವೋ ಎಂದು ತಡವರಿಸಿ ಓದಿಯೇಬಿಟ್ಟೆ. ಗಿರಿಜಕ್ಕನ ಮುಖ ಅರಳಿತು. ಇನ್ನೊಂದು ಸಲ ಓದಿಸಿದರು. "ಇವ್ನೊಬ್ಬ ಮನುಷ್ಯ ನೋಡು. ಈ ಪುಣ್ಯಾತ್ಮ ಯಾರು ಅಂತ ಗೊತ್ತಾದ್ರೆ ಕರ್ಕೊಂಡ್ ಬಾರೆ" ಎಂದರು. ಅವನು ಮತ್ತೆ ಬರುವವನಲ್ಲ. ನನಗೆ ಅಳು ಬಂತು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಆದರೆ ನಾನು ಉಣ್ಣುವಾಗ ಎಲ್ಲರೂ ಉಂಡು ಆಗಿರುತ್ತಿತ್ತು. ಹೋಟೆಲನ್ನು ಒಂದಷ್ಟು ಕಾಲ ಉಳಿಸಿದ್ದು ತಂಗವೇಲಣ್ಣನ ಬಾಯಿ. ಅವರಿಗೆ ಏನೂ ಗೊತ್ತಿರಲಿಲ್ಲ. ಎಂದಿನ ಹಾಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದರು, ಬೈಯುತ್ತಿದ್ದರು. ಈಗ ಆ ಬೈಗುಳದಲ್ಲಿ ನಿಜ ಇತ್ತು, ಅದು ಗಿರಿಜಕ್ಕನಿಗೆ ಹೊಳೆದದ್ದು ತಡವಾಗಿ. ಹುಳಿ ಅಂದರೆ ಗಿರಿಜಕ್ಕ ಒಳಗೆ ಓಡಿ ಬೆಲ್ಲ ಹಾಕುತ್ತಿದ್ದರು, ಖಾರ ಅಂದರೆ ಬೇಳೆ ಕಟ್ಟು ಬೆರೆಸುತ್ತಿದ್ದರು. ಜನ ಬರುವ ಹೊತ್ತಿಗೆ ಸಾರು ಒಂದು ಹದಕ್ಕೆ ಬಂದಿರುತ್ತಿತ್ತು. ಬಿಟ್ಟುಹೋದವರಲ್ಲಿ ಕೆಲವರು ಮತ್ತೆ ಬಂದರು.

ಪೊಂಗಲ್ ಹತ್ತಿರ ಬಂದಾಗ ತಂಗವೇಲಣ್ಣ, ಸೇಲಂನ ಮಗಳ ಮನೆಗೆ ಹೋಗಿ ಒಂದಷ್ಟು ದಿನ ಇದ್ದು ಬರುತ್ತೇನೆ ಎಂದರು. ಗಿರಿಜಕ್ಕ ಕಂಗಾಲಾದರು. ತಡೆಯಲಾರದೆ ಎಲ್ಲ ಹೇಳಿಬಿಟ್ಟರು. ತನಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ, ನೀವು ಬೈದದ್ದನ್ನು ಕೇಳಿಕೊಂಡೇ ಅಡುಗೆ ಮಾಡುತ್ತಿದ್ದೇನೆ ಎಂದರು. ಅಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡರಂತೆ. ಸೇಲಂಗೆ ಹೋಗಲಿಲ್ಲ. ಹಬ್ಬಕ್ಕೂ ಹೋಗದೆ ಉಳಿದರು ಎಂದು ಗಿರಿಜಕ್ಕ ನನ್ನ ಹತ್ತಿರ ಹೇಳಿಕೊಂಡು ಹಿಗ್ಗಿದರು. "ಇನ್ನು ಹೆದರಿಕೆ ಇಲ್ಲ ಕಣೆ" ಎಂದರು.

ಹೆದರಿಕೆ ಅಲ್ಲಿಂದಲೇ ಶುರುವಾದದ್ದು. ಅಷ್ಟು ವರ್ಷ ಬೈದ ಮನುಷ್ಯನಿಗೆ ಇನ್ನು ಬೈಯಲು ಬಾಯಿ ಬರಲಿಲ್ಲ. ಎಲ್ಲಕ್ಕೂ "ಚೆನ್ನಾಗಿದೆಮ್ಮಾ" ಅನ್ನತೊಡಗಿದರು. ಗಿರಿಜಕ್ಕ ನಂಬಿದರು. ತಮ್ಮ ಕೈ ಮತ್ತೆ ಹದಕ್ಕೆ ಬಂತು, ಮೂಗೂ ಇವತ್ತೋ ನಾಳೆಯೋ ಬರಬಹುದು ಎಂದುಕೊಂಡರು. ನಾನು ಉಪ್ಪು ಜಾಸ್ತಿ ಎಂದರೆ, "ತಳದ ಸಾರು, ಕುದ್ದು ಕುದ್ದು ಗಟ್ಟಿಯಾಗಿದೆ, ನಿನಗೆ ಹಾಗನ್ಸುತ್ತೆ. ಅಣ್ಣ ಚೆನ್ನಾಗಿದೆ ಅಂದ್ರು" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಹೋದಾಗ ಹೋಟೆಲು ಖಾಲಿ. ತೊಳೆಯುವ ಕಲ್ಲಿನ ಹತ್ತಿರ ತಟ್ಟೆಗಳಲ್ಲಿ ಅನ್ನ ಹಾಗೇ ಬಿದ್ದಿತ್ತು. ಗಿರಿಜಕ್ಕ ಅವುಗಳ ಎದುರು ಸುಮ್ಮನೆ ಕೂತಿದ್ದರು. ನಾನು ಒಂದು ತುತ್ತು ಬಾಯಿಗಿಟ್ಟೆ, ನುಂಗಲಾಗಲಿಲ್ಲ. ಮರೆತು ಎರಡು ಸಲ ಉಪ್ಪು ಹಾಕಿದ್ದರು. ಹೇಳಿದೆ. "ಅಣ್ಣ ಪೂರಾ ಉಂಡ್ರಲ್ಲೇ. ತಟ್ಟೆ ನೋಡು, ತೊಳೆದಂಗಿದೆ" ಎಂದು ಒಂದು ತಟ್ಟೆ ತೋರಿಸಿದರು. ಎದ್ದು ಹೊರಗೆ ಬಂದರು, ಹಿಂದೆಯೇ ನಾನೂ ಬಂದೆ. ತಂಗವೇಲಣ್ಣ ಜಗಲಿಯ ಬೆಂಚಿನ ಮೇಲೆ ಇನ್ನೂ ಕೂತಿದ್ದರು. ಪಕ್ಕದಲ್ಲಿ ನೀರಿನ ಜಗ್ಗು ಖಾಲಿಯಾಗಿತ್ತು, ಕೈಯಲ್ಲಿ ಲೋಟ ಇತ್ತು.

"ಅಣ್ಣಾ, ಸಾರು ಹೆಂಗಿತ್ತು? ನಿಜ ಹೇಳಿ."

ಅವರು ಖಾಲಿ ಲೋಟವನ್ನೇ ನೋಡುತ್ತಿದ್ದರು. "ಚೆನ್ನಾಗಿತ್ತಮ್ಮಾ" ಎಂದರು.

ಗಿರಿಜಕ್ಕ ಒಳಗಿನಿಂದ ಇನ್ನೊಂದು ಜಗ್ಗು ನೀರು ತಂದು ಅವರ ಪಕ್ಕದಲ್ಲಿಟ್ಟರು. ಆ ವಾರವೇ ಬಾಗಿಲು ಹಾಕಿದರು. ಕಡೆಯ ದಿನ ಉಂಡವರೂ ಅಡುಗೆ ಚೆನ್ನಾಗಿತ್ತು ಎಂದೇ ಹೇಳಿ ಹೋದರಂತೆ.

ಗಿರಿಜಕ್ಕ ಈಗ ಶಿವಮೊಗ್ಗದ ವಿನೋಬನಗರದಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಹೋದ ತಿಂಗಳು ನೋಡಲು ಹೋಗಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಹಳ ಇಳಿದುಹೋಗಿದ್ದರು. ಹಸಿವೂ ಗೊತ್ತಾಗುವುದಿಲ್ಲ, ಗಡಿಯಾರ ನೋಡಿ ಉಣ್ಣುತ್ತೇನೆ ಎಂದರು. ತಂಗವೇಲಣ್ಣನ ಬಗ್ಗೆ ಕೇಳಿದರು. ಈಗ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಉಣ್ಣುತ್ತಾರೆ, ಅಲ್ಲಿ ಯಾರನ್ನೂ ಬೈಯುವುದಿಲ್ಲ ಎಂದೆ. "ಬೈದಿದ್ರೆ ಆಗ್ತಿತ್ತು" ಎಂದಷ್ಟೇ ಹೇಳಿ ಕಾಫಿ ಮಾಡಲು ಒಳಗೆ ಹೋದರು. ನಾನೂ ಹಿಂದೆ ಹೋದೆ. ಕಾಫಿ ಕೊಟ್ಟು, ನಾನು ಕುಡಿಯುವುದನ್ನೇ ನೋಡುತ್ತ ನಿಂತರು.

"ಹೆಂಗಿದೆ?"

ಹಾಲು ತಳ ಹಿಡಿದಿತ್ತು. "ಚೆನ್ನಾಗಿದೆ" ಎನ್ನಲು ಹೊರಟ ಬಾಯನ್ನು ತಡೆದು, ನಿಜವನ್ನೇ ಹೇಳಿದೆ. "ಹಾಲು ಸೀದಿದೆ ಅಕ್ಕಾ."

ಗಿರಿಜಕ್ಕ ನನ್ನ ಕೈಯಿಂದ ಲೋಟ ತೆಗೆದುಕೊಂಡು ಸಿಂಕಿಗೆ ಸುರಿದರು.

"ನೀನು ಹೇಳ್ತೀಯ ಕಣೆ. ಏನ್ ಮಾಡೋದು, ನೀನು ಬರೋದು ಯಾವಾಗ್ಲೂ ಎಲ್ಲಾ ಬಡಿಸಿ ಆದ ಮೇಲೆ."

ಮತ್ತೆ ಕಾಫಿ ಮಾಡಲಿಲ್ಲ, ನಾನೂ ಕೇಳಲಿಲ್ಲ. ಒಲೆಯ ಮೇಲಿನ ಹಾಲಿನ ಪಾತ್ರೆಯಿಂದ ಇನ್ನೂ ಹಬೆ ಏಳುತ್ತಿತ್ತು. ಅವರು ಆ ಕಡೆ ತಿರುಗಿ ನೋಡಲಿಲ್ಲ.