ಹಿಂದೂರಾವ್ ವಸ್ತಾದನ ಸೂಜಿ

ಕೊಲ್ಹಾಪುರದ ನಮ್ಮ ಪೇಟೆಯ ಗರಡಿಗೆ ಹಿಂದೂರಾವ್ ಮಗದೂಮನೇ ವಸ್ತಾದ. ಹತ್ತೊಂಬತ್ತು ವರ್ಷದಿಂದ ಹುಡುಗರಿಗೆ ಕುಸ್ತಿಯ ಪಟ್ಟು ಕಲಿಸುತ್ತ ಬಂದವನು. ಈಗ ಅವನ ಬಗ್ಗೆ ಕಂಡಕಂಡವರು ಬಾಯಿಗೆ ಬಂದದ್ದು ಆಡುತ್ತಿದ್ದಾರೆ, ಅದಕ್ಕೇ ಬರೆಯಲು ಕುಳಿತೆ. ನಾನು ಐದನೇ ಇಯತ್ತೆ ದಾಟಿದವನಲ್ಲ. ಹಾಲಿನ ಕಟ್ಟೆಯಲ್ಲಿ ಎಮ್ಮೆ ನಿಲ್ಲಿಸಿ, ಗಿರಾಕಿಯ ಕಣ್ಣೆದುರೇ ಕರೆದು ಲೋಟ ತುಂಬಿಸುವವನು. ಆದರೆ ಹಿಂದೂರಾವ್‌ನ ಜೊತೆ ಒಂದೇ ಮಣ್ಣಲ್ಲಿ ಹೊರಳಿದವನು.

ನಲವತ್ತಾರಕ್ಕೆ ಅವನು ಕರಗತೊಡಗಿದ. ಸಾವಿರ ಬಸ್ಕಿ ಹೊಡೆಯುತ್ತಿದ್ದವನು ನೂರಕ್ಕೇ ಕಂಬ ಹಿಡಿದ. ತೋಳು ಸಣ್ಣಗಾದವು, ಹೊಟ್ಟೆ ಮುಂದೆ ಬಂತು, ಪಟ್ಟು ಹೇಳಿಕೊಡುತ್ತಲೇ ತೂಕಡಿಸುತ್ತಿದ್ದ. ನಮ್ಮವರಿಗೆ ಗೊತ್ತಿರುವ ಔಷಧ ಒಂದೇ: ಹಾಲು, ತುಪ್ಪ, ಅರೆದ ಬಾದಾಮಿ. ನಾನೇ ದಿನಾ ಎರಡು ಲೀಟರು ಹೆಚ್ಚಿಗೆ ಕುಡಿಸಿದೆ. ಹೊಟ್ಟೆ ಬೆಳೆಯಿತು, ಕಸುವು ಬರಲಿಲ್ಲ. ಗರಡಿಯಲ್ಲಿ ಗಂಡಸಿನ ಬಲ ಕುಂದಿದರೆ ಹೆಣ್ಣಿನ ಸಹವಾಸವೇ ಕಾರಣ ಎಂದು ತಿಳಿಯುವವರು ನಾವು. "ವಸ್ತಾದನ ಲಂಗೋಟಿ ಸಡಿಲಾಗೇತಿ" ಎಂಬ ಪಿಸುಮಾತು ಎದ್ದಿತು.

ಅದು ಅವನ ಹೆಂಡತಿ ಅಕ್ಕಾತಾಯಿಯ ಕಿವಿಗೆ ಬಿದ್ದದ್ದೇ ತಡ, ಅವಳು ಕಟ್ಟೆಗೆ ಬಂದು ಎಲ್ಲರೆದುರು ನನ್ನನ್ನು ಹಿಡಿದಳು.

"ಏನ್ರೀ ಭಾವಜಿ, ನಿಮ್ಮ ಗೆಳೆಯಾ ಎಲ್ಲೆಲ್ಲೋ ಹೋಗಿ ಬರ್ತಾನಂತ? ಎರಡು ವರ್ಷಾತು, ಉಂಡು ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಾನ. ಮನಿಯಾಗ ಆಗಲಾರದಾಂವ ಹೊರಗ ಹೋಗಿ ಏನು ಕಿಸೀತಾನ?"

ಮರುದಿನ ನಾವಿಬ್ಬರೂ ಸೇರಿ ಅವನನ್ನು ಡಾಕ್ಟರಬಾಯಿಯ ಹತ್ತಿರ ಎಳೆದೊಯ್ದೆವು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ವಾರದ ಅಂತರದಲ್ಲಿ ಎರಡು ಸಲ ರಕ್ತ ತೆಗೆದರು. ಟೆಸ್ಟೋಸ್ಟೆರಾನ್ ಮುನ್ನೂರರ ಮೇಲಿರಬೇಕಾದಲ್ಲಿ ನೂರಿಪ್ಪತ್ತು. ಹದಿನಾರನೇ ವಯಸ್ಸಿನಲ್ಲಿ ಮಂಗನಬಾವು ಬಂದು ಅವನ ಬೀಜಗಳು ಬಾತಿದ್ದನ್ನು ಡಾಕ್ಟರಬಾಯಿ ಕೆದಕಿ ಕೇಳಿ ತಿಳಿದುಕೊಂಡರು.

"ಅಲ್ಲೇ ಪೆಟ್ಟು ಬಿದ್ದೈತಿ. ಆಗುವಷ್ಟು ದಿನ ದುಡದಾವು, ಈಗ ಕೈ ಚೆಲ್ಲ್ಯಾವು. ಮೂರು ವಾರಕ್ಕೊಂದು ಇಂಜೆಕ್ಷನ್. ರಕ್ತ ದಪ್ಪಾಗತೈತೇನು ಅಂತ ಆಗಾಗ ನೋಡ್ತೀವಿ."

ಇಂಜೆಕ್ಷನ್ ಎಂದ ಕೂಡಲೇ ಹಿಂದೂರಾವ್ ಎದ್ದು ಹೊರಟ. ನಾಲ್ಕು ವರ್ಷದ ಹಿಂದೆ ಸರ್ಜೇರಾವ್ ಎಂಬ ಪೈಲ್ವಾನನ ಚೀಲದಲ್ಲಿ ಇದೇ ಔಷಧದ ಸೀಸೆ ಸಿಕ್ಕಿತ್ತು. ಅವನನ್ನು ಕಪಾಳಕ್ಕೆ ಹೊಡೆದು ಹೊರಹಾಕಿ, ಸೂಜಿ ಚುಚ್ಚಿಸಿಕೊಂಡವನು ಈ ಮಣ್ಣಿಗೆ ಇಳಿಯಕೂಡದು ಎಂದು ಕಾಯ್ದೆ ಮಾಡಿದವನು ಹಿಂದೂರಾವನೇ. ಎರಡು ತಿಂಗಳು ಹಟ ಹಿಡಿದ. ಕೊನೆಗೆ ಒಂದು ದಿನ ಬಚ್ಚಲಲ್ಲಿ ಬಿಂದಿಗೆ ಎತ್ತಲಾಗದೆ ಕುಸಿದು ಕುಳಿತ ಮೇಲೆ ಒಪ್ಪಿದ.

ಮೂರನೇ ಸೂಜಿಯ ಹೊತ್ತಿಗೆ ಗರಡಿಯ ಸೆಕ್ರೆಟರಿ ಬಾಪೂಸೋನಿಗೆ ಸುದ್ದಿ ಮುಟ್ಟಿತು. "ಸುಮ್ಮನ ಜಾಗಾ ಬಿಡು, ಮರ್ಯಾದಿ ಉಳೀತೈತಿ" ಎಂದು ಹೇಳಿ ಕಳಿಸಿದ. ಆ ಜಾಗ ಬಿಟ್ಟರೆ ಹಿಂದೂರಾವ್‌ಗೆ ಬದುಕಲ್ಲಿ ಬೇರೇನಿದೆ?

ಮರುದಿನ ಬೆಳಗಿನ ಸಾಮಿಗೆ ಮೂವತ್ತು ಹುಡುಗರು ಸೇರಿದ್ದರು, ಬಾಪೂಸೋನೂ ಬಂದಿದ್ದ. ಹಿಂದೂರಾವ್ ರಕ್ತದ ರಿಪೋರ್ಟ್ ಹಿಡಿದು ಮಣ್ಣಿನ ನಡುವೆ ನಿಂತ.

"ಎಲ್ಲಾರೂ ಕೇಳ್ರಿ. ಗಂಡಸಿಗೆ ಮುನ್ನೂರು ಇರಬೇಕಾದ್ದು ನನಗ ನೂರಾ ಇಪ್ಪತ್ತು ಐತಿ. ಸೂಜಿ ತಗೊಂಡೀನಿ. ಸಾಯೋತನಕ ತಗೋತೀನಿ."

"ಮತ್ತ ಸರ್ಜೇರಾವ್‌ನ ಯಾಕ ಓಡಿಸಿದಿ ಅಣ್ಣಾ? ಅವಗೊಂದು ನ್ಯಾಯ, ನಿನಗೊಂದಾ?" ಎಂದ ಬಾಪೂಸೋ.

"ಅವನ ಕೊಡ ತುಂಬಿತ್ತು. ಮ್ಯಾಲೆ ಸುರಕೊಂಡು ಎದುರಿನ ಪೈಲ್ವಾನಗ ಮೋಸ ಮಾಡಾಕ ಹೊಂಟಿದ್ದ. ನಂದು ಒಣಗಿದ ಕೊಡ. ನಾ ಕುಸ್ತಿ ಹಿಡಿಯೋದು ಬಿಟ್ಟು ಹನ್ನೆರಡು ವರ್ಷಾತು, ಯಾರಿಗೆ ಮೋಸ ಮಾಡ್ಲಿ? ನೀ ದಿನಾ ಹೊಟ್ಟಿಗೆ ಇನ್ಸುಲಿನ್ ಚುಚ್ಚಿಕೊಂಡು ಬಂದು ಇಲ್ಲಿ ಕುರ್ಚಿ ಮ್ಯಾಲೆ ಕುಂದರ್ತೀ. ನಿನ್ನ ಯಾವಾಗ ಓಡಸೋಣು?"

ಹುಡುಗರು ಕಿಸಕ್ಕನೆ ನಕ್ಕರು.

"ಅದು ಸಕ್ಕರಿ ಬ್ಯಾನಿ. ಇದು..."

"ಇದು? ಬಾಯಿ ಬಿಟ್ಟು ಹೇಳಲೇ!"

ಬಾಪೂಸೋ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದ.

"ನನ್ನ ಕಡೆ ಕಲಿಯಾಕ ನಾಚಿಕಿ ಆಗೋರು ಈಗ ಲಂಗೋಟಿ ಎತ್ಕೊಂಡು ನಡೀರಿ" ಎಂದ ಹಿಂದೂರಾವ್.

ಮೂವರು ಹೋದರು.

ಮರುದಿನ ಗರಡಿಗೆ ಬೀಗ ಬಿದ್ದಿತ್ತು. ಹಿಂದೂರಾವ್ ಬೀಗವನ್ನು ಮುಟ್ಟಿಯೂ ನೋಡಲಿಲ್ಲ. ಇಪ್ಪತ್ತೇಳು ಹುಡುಗರನ್ನು ನಡುರಸ್ತೆಯಲ್ಲಿ ಸಾಲಾಗಿ ನಿಲ್ಲಿಸಿ ಬಸ್ಕಿಗೆ ಹಚ್ಚಿ, ತಾನೇ ಎಣಿಸತೊಡಗಿದ. ರಿಕ್ಷಾ ನಿಂತವು, ಬಸ್ಸು ನಿಂತಿತು, ಹಾರ್ನ್ ಕಿರುಚಿದವು. ಹಾಲಿನ ಕ್ಯಾನು ಇಳಿಸಿ ನಾನೂ ಸಾಲಿಗೆ ಸೇರಿದೆ. ಬಾಪೂಸೋ ಬೆವರೊರೆಸುತ್ತ ಓಡಿಬಂದು ಬೀಗ ತೆಗೆದ.

"ಒಳಗ ನಡಿಯೋ ಮಾರಾಯಾ! ಊರೆಲ್ಲಾ ನೋಡಾಕಹತ್ತೈತಿ!"

"ನೋಡ್ಲಿ" ಎಂದ ಹಿಂದೂರಾವ್. "ಇನ್ನೂ ಐವತ್ತು ಬಾಕಿ ಅದಾವು. ಬಾಗಲಾ ಹಿಡಕೊಂಡು ನಿಂದರು."